ಹಿರಿತನದ ಪಟ್ಟಿಯ ಕೊನೆಯ ಹೆಸರು

2023ರ ಮೇ 15, ಸೋಮವಾರ. ಕಡುಬೇಸಿಗೆ, ಬೆಳಗಿನ ಹತ್ತಕ್ಕೇ ಬಿಸಿಗಾಳಿ. ಇಬ್ರಾಹಿಂಪುರದಿಂದ ಬಸ್ಸಿನಲ್ಲಿ ತಿಕೋಟಾಕ್ಕೆ ಬಂದ ಹಂಗಾಮಿ ಗುಮಾಸ್ತ ಧರ್ಮರಾಜರು, ತಾವು ದುಡಿಯುವ ಶಾಲೆಯ ಕಚೇರಿಯಲ್ಲಿ ಹಂಗಾಮಿ ನೌಕರರ ಪಟ್ಟಿಯನ್ನು ಕಂಪ್ಯೂಟರಿನ ವರ್ಡ್‌ನಲ್ಲಿ ಸಿದ್ಧಪಡಿಸಿದರು. ಹನ್ನೊಂದು ಜನರಲ್ಲಿ ಎಲ್ಲರಿಗಿಂತ ಮೊದಲು ಸೇರಿದವರಿಗೆ ಒಂದೇ ಒಂದು ಕಾಯಂ ಹುದ್ದೆ ಸಿಗಲಿತ್ತು. 29-06-1998ರಂದು ಸೇರಿದ ಧರ್ಮರಾಜರೇ ಆ ಹಿರಿಯರು.

ಸೇರಿದ ದಿನಾಂಕದಂತೆ ಕೋಷ್ಟಕವನ್ನು ಸಾರ್ಟ್ ಮಾಡುವಾಗ ಅವರು ‘ಡೇಟ್’ ಎಂಬುದರ ಬದಲು ‘ಟೆಕ್ಸ್ಟ್’ ಎಂಬುದನ್ನು ಆರಿಸಿದರು. ಯಂತ್ರವು ಇಸವಿಯನ್ನು ಲೆಕ್ಕಿಸದೆ ಮೊದಲ ಅಂಕಿಗಳನ್ನಷ್ಟೇ ನೋಡಿ, 01-08-2015ರಂದು ಸೇರಿದ ಸತೀಶಕುಮಾರನನ್ನು ಮೇಲಕ್ಕೂ ಧರ್ಮರಾಜರನ್ನು ಕಟ್ಟಕಡೆಗೂ ಇಟ್ಟಿತು. ತಮ್ಮ ಹಿರಿತನದಲ್ಲಿ ಎಳ್ಳಷ್ಟೂ ಸಂಶಯವಿಲ್ಲದ ಅವರು ಓದದೆಯೇ ಸಹಿ ಹಾಕಿದರು.

ಮೇ 18ರಂದು ಶಾಲೆಯ ಆಡಳಿತ ಮಂಡಳಿಯ ಸಭೆಯು ಪಟ್ಟಿಯ ಮೊದಲ ಹೆಸರನ್ನೇ ಕಾಯಂ ಮಾಡಲು ಠರಾವು ಹೊರಡಿಸಿ ನಿರ್ಣಯಿಸಿತು. ಮರುದಿನ ತಪ್ಪು ಕಣ್ಣಿಗೆ ಬಿದ್ದು, ಅವರು ಮಂಡಳಿಯ ಅಧ್ಯಕ್ಷ ಬಸಲಿಂಗಯ್ಯನವರ ಬಳಿಗೆ ಓಡಿದರು.

“ಪಟ್ಟಿ ಮಾಡಿದವ್ರು ಯಾರ್ರಿ?” ಎಂದರು ಅಧ್ಯಕ್ಷರು.

“ನಾನರಿ.”

“ಕೆಳಗ ಸಹಿ?”

“ಅದೂ ನಂದರಿ. ಆದ್ರ ಅಯ್ಯಾರ, ಇಸವಿ ನೋಡ್ರಿ.”

“ಇಪ್ಪತ್ತೈದ ವರ್ಷ ಮಂದಿ ತಪ್ಪ ತಿದ್ದಿದ್ರಿ. ನಿಮ್ದ ನಿಮಗ ಕಾಣಲಿಲ್ಲೇನ್ರಿ? ಠರಾವ್ ಆಗೇತಿ, ಹೋಗ್ರಿ.”

ಜೂನ್ 1ರಂದು ಸತೀಶಕುಮಾರನು ಕಾಯಂ ಆದನು. ಅವನ ನೇಮಕಾತಿ ಪತ್ರವನ್ನು ಬೆರಳಚ್ಚು ಮಾಡಿದವರು ಧರ್ಮರಾಜರು. ಅವರು 2025ರ ಮಾರ್ಚ್ 31ರವರೆಗೆ ಹಂಗಾಮಿಯಾಗಿಯೇ ದುಡಿದು ಕೆಲಸ ಬಿಟ್ಟರು.