ನೀಲವ್ವನ ಕೀಲಿ, ನನ್ನ ತಾಳ್ಮೆ

ಕೆಲಸ ಮುಗಿಸಿ ಬಂದು ಬೀಗಕ್ಕೆ ಕೈಹಾಕಿದರೆ ಬಾಗಿಲು ತೆರೆದೇ ಇತ್ತು. ಅಡುಗೆಮನೆಯಲ್ಲಿ ಮನೆಯ ಮಾಲಕಿ ನೀಲವ್ವ ನನ್ನ ಕುಚ್ಚಲಕ್ಕಿ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡುತ್ತಿದ್ದರು. ಅಕ್ಕಿ ಕೆಟ್ಟಿದೆ ಎಂದೇ ಅವರ ಅನುಮಾನ. ನಾನು ಹೊಸ್ತಿಲಲ್ಲೇ ನಿಂತೆ. ಅವರಿಗೆ ಒಂದಿಷ್ಟೂ ಗಾಬರಿಯಿಲ್ಲ. "ಬರ್ರಿ ಬಾಯಾರ, ಕುಂದರ್ರಿ. ದಣದು ಬಂದೀರಿ," ಎಂದು ನನ್ನ ಮನೆಯೊಳಗೆ ನನ್ನನ್ನೇ ಕರೆದರು.

ತಿಳವಳ್ಳಿಯಲ್ಲಿ ಅದು ನನ್ನ ಮೂರನೆಯ ದಿನ. ನಾನು ಕರಾವಳಿಯ ಶಿರ್ವದವಳು, ದನದ ಡಾಕ್ಟರು. ನಮ್ಮ ಕಡೆ ಗೇಟಿನಾಚೆ ನಿಂತು ಕರೆದು, ಒಳಗಿನವರು ಬರುವ ತನಕ ಕಾಯುತ್ತಾರೆ. ಇಲ್ಲಿ ಬಾಗಿಲು ಮುಚ್ಚಿದ್ದರೆ ಯಾರಿಗೋ ಹುಷಾರಿಲ್ಲ ಎಂದು ತಿಳಿಯುತ್ತಾರೆ. ಇನ್ನೊಂದು ಕೀಲಿ ನೀಲವ್ವನ ಹತ್ತಿರ ಇರುವುದಕ್ಕೆ ಕಾರಣವೂ ಇತ್ತು. ನಮ್ಮಲ್ಲಿ ಅಂಗಳಕ್ಕೊಂದು ಬಾವಿ. ಇಲ್ಲಿ ನಳಕ್ಕೆ ಐದಾರು ದಿನಕ್ಕೊಮ್ಮೆ ನೀರು, ಅದೂ ಹೇಳಿದ ಹೊತ್ತಿಗಲ್ಲ. ಆಗ ನಾನು ಯಾವುದೋ ಹಳ್ಳಿಯ ಕೊಟ್ಟಿಗೆಯಲ್ಲಿ ಎಮ್ಮೆಯ ಹಿಂದೆ ಇರುತ್ತೇನೆ. ನೀಲವ್ವ ಬಂದು ಕೊಡ, ಬಕೆಟ್ಟು, ಪಾತ್ರೆ ಎಲ್ಲ ತುಂಬಿಸಿಡುತ್ತಿದ್ದರು.

ಇಲ್ಲಿನ ಮಾತು ಕಲಿಯಲು ಹೊರಟವಳನ್ನು ಮೊದಲು ಸುಸ್ತು ಮಾಡಿದ್ದು "ಆತು ತಗೋರಿ" ಎಂಬ ಎರಡು ಪದ. ಫ್ಯಾನು ರಿಪೇರಿಯವನಿಗೆ ಹೇಳಿದರೆ ಆತು ತಗೋರಿ. ಎಮ್ಮೆಗೆ ಔಷಧಿ ತಪ್ಪಿಸಬೇಡಿ ಎಂದರೂ ಆತು ತಗೋರಿ. ಅದು ಒಪ್ಪಿಗೆಯೋ, ನನ್ನನ್ನು ಸಾಗಹಾಕುವ ಉಪಾಯವೋ ಎಂದು ತಿಳಿಯಲು ತಿಂಗಳುಗಳೇ ಬೇಕಾದವು. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಯೇಸುವಿನಲ್ಲಿ ತಾಳ್ಮೆ ಬೇಡಿಕೊಳ್ಳುತ್ತಿದ್ದೆ. ಎಂಟು ಗಂಟೆಗೆ ಬೇಡಿದ್ದು ಹತ್ತಕ್ಕೆಲ್ಲ ಮುಗಿದಿರುತ್ತಿತ್ತು.

ಬೇಸಿಗೆಯಲ್ಲಿ ಒಂದು ದಿನ ಮನೆಗೆ ಬಂದು ನೋಡಿದರೆ, ಮಾತೆ ಮರಿಯಮ್ಮನ ಪಟದ ಪಕ್ಕ ಇಟ್ಟಿದ್ದ ಸಣ್ಣ ಬಾಟಲಿ ತೊಳೆಸಿಕೊಂಡು ಥಳಥಳ ಹೊಳೆಯುತ್ತಿತ್ತು. ಅದರಲ್ಲಿದ್ದದ್ದು ಈಸ್ಟರ್ ಜಾಗರಣೆಯಲ್ಲಿ ಮಂತ್ರಿಸಿದ ಪವಿತ್ರ ಜಲ; ಅಮ್ಮ ಹೊರಡುವಾಗ ಕೈಗಿಟ್ಟದ್ದು. ಹಳೇ ನೀರೆಂದು ನೀಲವ್ವ ಅದನ್ನು ಮೆಣಸಿನ ಗಿಡಕ್ಕೆ ಸುರಿದು, ನಳದ ನೀರು ತುಂಬಿಸಿದ್ದರು. ಒಂದೂವರೆ ವರ್ಷದ ಸಿಟ್ಟೆಲ್ಲ ಆ ಕ್ಷಣ ಹೊರಬಿತ್ತು. ಹೇಳದೆ ಕೇಳದೆ ಮನೆ ಹೊಗುವವರು ಕಳ್ಳರು ಎಂದುಬಿಟ್ಟೆ. ಅವರು ಸೊಂಟದಿಂದ ಕೀಲಿ ತೆಗೆದು ಕಟ್ಟೆಯ ಮೇಲಿಟ್ಟು ಹೋದರು.

ಮುಂದಿನ ಸಲ ನೀರು ಬಂದಾಗ ನಾನು ಊರಲ್ಲಿರಲಿಲ್ಲ. ಕೊಡಗಳು ಒಣಗಿ ನಿಂತವು. ಆಸ್ಪತ್ರೆಯಿಂದ ಎರಡು ಕ್ಯಾನು ಹೊತ್ತು ತಂದೆನೇ ಹೊರತು ಅವರ ಬಾಗಿಲಿಗೆ ಹೋಗಲಿಲ್ಲ. ಸಂಜೆ ತೇರ್ಸ್, ಅಂದರೆ ನಮ್ಮ ಜಪಮಾಲೆ, ಹೇಳಲು ಕೂತರೆ ಬೆರಳು ಮಣಿಯ ಮೇಲೆ, ಕಿವಿ ಪಕ್ಕದ ನೀಲವ್ವನ ಮನೆಯ ಮೇಲೆ.

ಹಿರೇಕೆರೂರಿನ ಒಂದು ಬಾಡಿಗೆ ಕೋಣೆಯಲ್ಲಿ ತಿಂಗಳಿಗೊಮ್ಮೆ ಫಾದರ್ ಬಂದು ಬಲಿಪೂಜೆ, ಅಂದರೆ ನಮ್ಮ ಮಾಸ್, ನಡೆಸುತ್ತಾರೆ; ಐದಾರು ಕುಟುಂಬ ಸೇರುತ್ತೇವೆ. ಆ ಭಾನುವಾರ ಬಸ್ಸು ಎಷ್ಟು ತಡವಾಯಿತೆಂದರೆ ನಾನು ತಲುಪಿದಾಗ ಕೊನೆಯ ಆಶೀರ್ವಾದ ನಡೆದಿತ್ತು. ಅಳುವೇ ಬಂತು. ಜನ ಹೋದ ಮೇಲೆ ಪಾಪನಿವೇದನೆ ಮಾಡಿದೆ. ಫಾದರ್ ಹಾನಗಲ್ ಕಡೆಯವರು. ಎಲ್ಲ ಕೇಳಿ, ಅದು ಎಂಥ ನೀರೆಂದು ಆಕೆಗೆ ಎಂದಾದರೂ ಹೇಳಿದ್ದೆಯಾ ಎಂದು ವಿಚಾರಿಸಿದರು. ಇಲ್ಲ ಎಂದೆ, ನೀಲವ್ವನಿಗೆ ಅರ್ಥವಾಗುತ್ತದೆ ಎಂದು ಅನ್ನಿಸಿರಲಿಲ್ಲ.

"ಬೈಯಾಕ ಮಾತ ಇತ್ತು. ಹೇಳಾಕ ಇರಲಿಲ್ಲೇನು?" ಎಂದರು ಫಾದರ್. ಹೋಗಿ ಹೇಳುವುದೇ ನನ್ನ ಪ್ರಾಯಶ್ಚಿತ್ತವಾಯಿತು.

ನೀಲವ್ವ ರೊಟ್ಟಿ ಬಡಿಯುತ್ತಿದ್ದರು. ಒಲೆಯ ಪಕ್ಕ ಕೂತು ಅಮ್ಮನ ಬಗ್ಗೆ, ಆ ರಾತ್ರಿಯ ಜಾಗರಣೆಯ ಬಗ್ಗೆ, ಹೊರಡುವಾಗೆಲ್ಲ ಆ ನೀರನ್ನು ಹಣೆಗೆ ಮುಟ್ಟಿಸಿಕೊಳ್ಳುವುದರ ಬಗ್ಗೆ ಹೇಳಿದೆ. ಅವರ ಕೈ ನಿಂತಿತು.

"ಅಂದ್ರ ನಮ್ಮ ಪಾದೋದಕ ಇದ್ದಂಗ. ಅದನ್ನ ಯಾರರ ಚೆಲ್ಲಿದ್ರ ನಾನೂ ಬೈತಿದ್ನಿ," ಎಂದರು. ಮತ್ತೆ ರೊಟ್ಟಿ ಬಡಿಯುತ್ತ, "ಆದ್ರ ಕಳ್ಳಿ ಅಂದದ್ದು ಮನಸಿಗೆ ಭಾಳ ಹತ್ತೇತ್ರಿ."

ತಪ್ಪಾಯಿತು ಎಂದೆ. ಅವರು ರೊಟ್ಟಿ ಮಗುಚಿ ಹಾಕಿದರು.

"ಕೀಲಿ ಇಟ್ಟು ಹೋಗ್ರಿ. ನಾಳೆ ನೀರ ಬರ್ತೈತಿ."

ನಾನೇನೂ ತಾಳ್ಮೆಯ ಮೂರ್ತಿಯಾಗಿಲ್ಲ. ಮೊನ್ನೆಯೂ ನನ್ನ ಕಪಾಟಿನ ಸೀರೆಗಳನ್ನು ಅವರು ಮಡಚಿಟ್ಟದ್ದು ನೋಡಿ ಹಲ್ಲು ಕಚ್ಚಿದೆ. ಆಮೇಲೆ ಹೋಗಿ, ಕಪಾಟು ಮಾತ್ರ ಬೇಡ ನೀಲವ್ವ ಎಂದು ಮೆಲ್ಲಗೆ ಹೇಳಿದೆ. ಆತು ತಗೋರಿ ಎಂದರು. ನೋಡಬೇಕು.

ವರ್ಗಾವಣೆಯ ಅರ್ಜಿ ತುಂಬಿಸಿಟ್ಟು ಎರಡು ತಿಂಗಳಾಯಿತು, ಇನ್ನೂ ಕಳಿಸಿಲ್ಲ. ಕ್ರಿಸ್ಮಸ್ಸಿಗೆ ಶಿರ್ವಕ್ಕೆ ಹೋದಾಗ, ಬೇಗ ಕಳಿಸು ಎಂದು ಅಮ್ಮ ಒತ್ತಾಯಿಸಿದರು. ನಾಲ್ಕನೆಯ ದಿನಕ್ಕೇ ನನಗೆ ಅಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಮರಳಿ ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು ಯಾವೂರು ಎಂದು ಕೇಳಿದಳು. ತಿಳವಳ್ಳಿ ಎಂದೆ. ಅಮ್ಮನ ಮುಖ ನೆನಪಾಗಿ, ಅಲ್ಲ, ಶಿರ್ವ ಎಂದು ತಿದ್ದಿದೆ. ಎರಡೂ ಸುಳ್ಳಿನಂತೆ ಕೇಳಿಸಿದವು. ಆಕೆ ನನ್ನನ್ನೊಮ್ಮೆ ನೋಡಿ, ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.