ಬೆಳ್ಳಿ ಬಣ್ಣ ಬಳಿದ ಡ್ರಿಲ್ ಮಿಷನ್

ಆಯುಧಪೂಜೆಗೆ ಸಾಮಾನು ಒರೆಸಿ ಕುಂಕುಮ ಇಟ್ಟರೆ ಸಾಲದೇ? ಬಣ್ಣ ಯಾಕೆ ಬಳಿಯಬೇಕು? ನನ್ನ ಭಾವನವರನ್ನು, ಅಂದರೆ ಗಂಡನ ಅಣ್ಣನನ್ನು, ಎಷ್ಟು ಸಲ ಕೇಳಿದರೂ ಒಂದೇ ಉತ್ತರ: "ದೇವರ ಮುಂದೆ ಇಡಾಕೆ ಚೆಂದ ಕಾಣಬೇಕಲ್ಲವ್ವ." ಚೆಂದವಂತೆ ಚೆಂದ! ಆ ಮಾತು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನ್ಯಾಮತಿಯಲ್ಲಿ ನಮ್ಮದು ವೆಲ್ಡಿಂಗ್ ಅಂಗಡಿ. ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೈಲರ್ ರಿಪೇರಿ. ನನ್ನ ಗಂಡನ ಹಳೇ ಡ್ರಿಲ್ ಮಿಷನ್ ಒಂದಿದೆ, ಕೈಗೂಸಿನಷ್ಟು ಭಾರ. ಎಂಥ ದಪ್ಪ ಕಬ್ಬಿಣದ ಪಟ್ಟಿಯನ್ನೂ ತೂತು ಮಾಡುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ಅದರ ಒಂದೊಂದು ಭಾಗವನ್ನೂ ಮುಟ್ಟಿಸಿ ತೋರಿಸಿದ್ದರು. ಮುಂದಿನ ಬಾಯಿ ಚಕ್ಕು, ತೂತು ಕೊರೆಯುವ ಕಡ್ಡಿ ಅಂದರೆ ಬಿಟ್ಟನ್ನು ಕಚ್ಚಿ ಹಿಡಿಯುವುದು ಅದೇ. ಹಿಂದೆ ಕೈ ತೂರಿಸಿ ಹಿಡಿಯುವ ಹಿಡಿಕೆ, ಅದರೊಳಗೆ ಸ್ವಿಚ್ಚು. ಒತ್ತಿದರೆ ತಿರುಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಸ್ವಿಚ್ಚಿನ ಪಕ್ಕ ಕಡಲೆಕಾಳಿನಷ್ಟು ಒಂದು ಗುಂಡಿ. ಅದನ್ನು ಅದುಮಿಬಿಟ್ಟರೆ ಬೆರಳು ತೆಗೆದರೂ ಮಿಷನ್ ನಿಲ್ಲುವುದಿಲ್ಲ. "ಇದರ ತಂಟೆಗೆ ಮಾತ್ರ ಹೋಗಬ್ಯಾಡ" ಎಂದಿದ್ದರು. ಇನ್ನು ಎಡಕ್ಕೆ ಚಾಚಿದ ಕಬ್ಬಿಣದ ಹಿಡಿ. ಬಿಟ್ಟು ಕಬ್ಬಿಣದೊಳಗೆ ಸಿಕ್ಕಿಕೊಂಡರೆ ಮಿಷನ್ನೇ ಗಿರ್ರನೆ ತಿರುಗುತ್ತದಲ್ಲ, ಆಗ ತಡೆಯಲು ಇರುವುದು ಆ ಹಿಡಿಯೊಂದೇ.

ಹೋದ ವರ್ಷ ಹಬ್ಬಕ್ಕೆ ಭಾವನವರು ಏನು ಮಾಡಿದರು? ಮಣೆಯ ಮೇಲೆ ನೆಟ್ಟಗೆ ಕೂರುವುದಿಲ್ಲ ಅಂತ ಆ ಹಿಡಿ ಬಿಚ್ಚಿ ಅಟ್ಟಕ್ಕೆ ಎಸೆದರು. ಆಮೇಲೆ ಮಿಷನ್ನಿಗೆಲ್ಲ ಬೆಳ್ಳಿ ಬಣ್ಣ, ಗುಂಡಿಯನ್ನೂ ಬಿಡದೆ. ಬಣ್ಣ ಒಳಗಿಳಿದು ಗುಂಡಿ ಅದುಮಿದಂತೆಯೇ ಅಂಟಿಕೊಂಡಿತು. ಪೂಜೆಗಿಟ್ಟ ಸಾಮಾನನ್ನು ಯಾರು ಚಾಲೂ ಮಾಡಿ ನೋಡುತ್ತಾರೆ?

ಹಬ್ಬ ಕಳೆದ ಮೇಲೆ ಮೊದಲ ಕೆಲಸ ಸಾಸ್ವೆಹಳ್ಳಿಯಲ್ಲಿ, ಒಂದು ಟ್ರೈಲರ್. ನನ್ನ ಗಂಡ ಅಲ್ಲಿ ಹೋಗಿ ಚೀಲ ತೆಗೆದರೆ ಎಡಗಡೆಯ ಹಿಡಿ ಇಲ್ಲ. ವಾಪಸ್ ಬರಬೇಕಿತ್ತು ಈ ಮನುಷ್ಯ! "ಎರಡೇ ತೂತು, ಏನಾಗ್ತೈತೆ" ಅಂದುಕೊಂಡರಂತೆ. ಬಿಟ್ಟು ಕಬ್ಬಿಣದಲ್ಲಿ ಸಿಕ್ಕಿಕೊಂಡಿತು. ಸ್ವಿಚ್ಚು ಬಿಟ್ಟರು, ನಿಲ್ಲಲಿಲ್ಲ. ಹಿಡಿಕೆಯೊಳಗೆ ಸಿಕ್ಕ ಬಲಗೈಯನ್ನೂ ಸೇರಿಸಿಕೊಂಡು ಮಿಷನ್ ತಿರುಗಿತು. ಟ್ರೈಲರ್ ಮಾಲೀಕರು ಓಡಿಬಂದು ವೈರು ಕೀಳುವಷ್ಟರಲ್ಲಿ ಮಣಿಕಟ್ಟು ಮುರಿದಿತ್ತು.

ಆಸ್ಪತ್ರೆಗೆ ಬಂದ ಭಾವನವರ ಮಾತು ಕೇಳಿ: "ಆ ಮಿಷನ್ನಿಗೆ ದೃಷ್ಟಿ ಆಗೈತೆ. ಕುಂಬಳಕಾಯಿ ಒಡೆದು ಗುಜರಿಗೆ ಹಾಕ್ರಿ." ಅಯ್ಯೋ, ದೃಷ್ಟಿಯಂತೆ! ಮನೆಗೆ ಬಂದವಳೇ ಚಾಕು ತಗೊಂಡು ಬಣ್ಣ ಕೆರೆದೆ. ಗುಂಡಿ ಟಕ್ಕನೆ ಮೇಲೆದ್ದಿತು. ಮಿಷನ್ ಎತ್ತಿಕೊಂಡು ಹೋಗಿ ಅವರ ಮೂಗಿನ ಮುಂದೆ ಹಿಡಿದೆ. ಅವರು ಬಗ್ಗಿ ನೋಡಿ, "ಓಹೋ, ಬಣ್ಣ ಒಂಚೂರು ಜಾಸ್ತಿ ಆಗೈತೆ ಕಣವ್ವ" ಎಂದರು. ಒಂಚೂರು!

ಕೈಗೆ ಹಾಕಿದ ಪಟ್ಟಿ ಬಿಚ್ಚಿದ ಮೇಲೂ ಮಣಿಕಟ್ಟು ಹೊರಳಲಿಲ್ಲ. ಆ ಕೈ ಮೊದಲಿನಂತೆ ಆಗುವುದಿಲ್ಲವೆಂದು ಡಾಕ್ಟರು ಹೇಳಿಬಿಟ್ಟರು. ಈಗ ನನ್ನ ಗಂಡ ಎಡಗೈಯಲ್ಲಿ ಸೀಮೆಸುಣ್ಣದ ಗುರುತು ಹಾಕುತ್ತಾರೆ, ತೂತು ಹೊಡೆಯುವವಳು ನಾನು. ಹಿಡಿ ಹಾಕಿಕೊಂಡೇ ಹೊಡೆಯುತ್ತೇನೆ.

ಈ ಸಲವೂ ಹಬ್ಬಕ್ಕೆ ಭಾವನವರು ಬಣ್ಣದ ಡಬ್ಬಿ ಹಿಡಿದು ಬಂದರು. ಕಿತ್ತುಕೊಂಡು ಚರಂಡಿಗೆ ಸುರಿದೆ. ಮಿಷನ್ನು ತನ್ನ ಹಿಡಿಯ ಸಮೇತ ಮಣೆಯ ಮೇಲೆ ಸೊಟ್ಟಗೇ ಕೂತಿತು. ನನ್ನ ಗಂಡ ಕರ್ಪೂರ ಹಚ್ಚಿ ಎಡಗೈಯಲ್ಲಿ ತಟ್ಟೆ ಎತ್ತಿದರು.

"ಏ, ಎಡಗೈಲಿ ಆರತಿ ಬೆಳಗ್ತಾರೇನೋ? ಬಲಗೈಲಿ ಹಿಡ್ಕಳೋ" ಎಂದರು ಭಾವನವರು.

ಅಣ್ಣನ ಮಾತು ಮೀರದ ಇವರು ತಟ್ಟೆಯನ್ನು ಬಲಗೈಗೆ ಬದಲಾಯಿಸಿದರು. ತಟ್ಟೆ ವಾಲಿತು. ಉರಿಯುವ ಕರ್ಪೂರ ನೆಲಕ್ಕೆ ಬಿತ್ತು.

"ಬಲಗೈ ಎಲ್ಲೈತೆ ಭಾವಾ?" ಎಂದೆ. "ಅದನ್ನ ನೀವು ಹೋದ ವರ್ಷನೇ ಪೂಜೆ ಮಾಡಿ ಮುಗಿಸಿದ್ರಲ್ಲ."

ನಾನು ಹೊಸ ಕರ್ಪೂರ ಹಚ್ಚಿ, ತಟ್ಟೆಯನ್ನು ಗಂಡನ ಎಡಗೈಗೇ ಕೊಟ್ಟೆ.