ಬೀಗಿತಿಯ ಭಾಷೆ ಕಲಿತ ಗುನ್‌ವೋರ್

ನನ್ನ ತಂಗಿ ಗುನ್‌ವೋರ್ ಕೂದಲು ನರೆತ ಮೇಲೆ ಜಪಾನಿ ಭಾಷೆ ಕಲಿತಳು. ನಮ್ಮೂರು ಮೋಲೊಯ್‌ನ ಬಂದರಿನಲ್ಲಿ ಯಾರ ಮುಂದೆ ಬೇಕಾದರೂ ಇದನ್ನು ಎದೆಯುಬ್ಬಿಸಿ ಹೇಳುತ್ತೇನೆ. ಗುರುವಿಲ್ಲದೆ ದೋಣಿಯ ಎಂಜಿನ್ ಬಿಚ್ಚಿ ಜೋಡಿಸಲು ಕಲಿತವನು ನಾನು. ಕಲಿಕೆಯ ಬೆವರು ಎಂಥದ್ದೆಂದು ಬಲ್ಲೆ.

ಅವಳ ಮಗಳು ಸಿಗ್ನೆ ಮದುವೆಯಾದದ್ದು ಜಪಾನಿನ ಹುಡುಗನನ್ನು. ಮದುವೆಯ ಊಟದಲ್ಲಿ ಸಿಗ್ನೆಯ ಒಂದು ಕಡೆ ತಾಯಿ, ಇನ್ನೊಂದು ಕಡೆ ಅತ್ತೆ ಫುಮಿಯೆ. ಇವಳ ಮಾತು ಅವರಿಗೆ, ಅವರ ಮಾತು ಇವಳಿಗೆ ದಾಟಿಸುವುದರಲ್ಲೇ ಮದುಮಗಳ ತಟ್ಟೆಯಲ್ಲಿ ಮಾಂಸದ ಕೊಬ್ಬು ಹೆಪ್ಪುಗಟ್ಟಿತು.

"ಅಣ್ಣ, ಬೀಗಿತಿ ನಮ್ಮನೆಗೆ ಬಂದಾಗ ನನ್ನ ಬಾಯಲ್ಲೇ ಮಾತಾಡ್ತೀನಿ. ಮಗಳು ಬಿಸಿ ಊಟ ಮಾಡ್ಬೇಕು," ಅಂದಳು ತಂಗಿ.

ಕಲಿಸುವವರು ನಮ್ಮೂರಲ್ಲಿಲ್ಲ. ಅಂತರ್ಜಾಲದಲ್ಲಿ ಒಬ್ಬ ಮಹಾಶಯ ಸಿಕ್ಕ. ಎರಡು ವರ್ಷ ಬರೀ ಕೇಳಬೇಕು, ಬಾಯಿ ಬಿಡಕೂಡದು, ಬಿಟ್ಟರೆ ತಪ್ಪುಗಳು ಸಿಮೆಂಟಿನಂತೆ ಗಟ್ಟಿಯಾಗುತ್ತವೆ ಎಂದು ಅವನ ಅಪ್ಪಣೆ. ಸಾವಿರಾರು ಜನ ತಲೆದೂಗುತ್ತಿದ್ದರು. ತಂಗಿಯೂ ಆ ಮಾತನ್ನು ಕಣ್ಣಿಗೊತ್ತಿಕೊಂಡಳು.

ಅವಳು ದುಡಿಯುವ ಮೀನಿನ ಕಾರ್ಖಾನೆಗೆ ಬಂಗುಡೆ ಹಂಗಾಮಿನಲ್ಲಿ ಕುವಾಬಾರಾ ಎಂಬ ಜಪಾನಿ ಪರೀಕ್ಷಕರು ಬರುತ್ತಾರೆ. ಕೊಳ್ಳುವವರ ಪರವಾಗಿ ಮೀನು ನೋಡುತ್ತಾ ಅವಳ ಪಕ್ಕದಲ್ಲೇ ನಿಲ್ಲುತ್ತಾರೆ. ಇವಳು ದಿನಾ ತಲೆಬಾಗಿಸಿ, ತುಟಿ ಹೊಲಿದುಕೊಂಡು ಇಡೀ ಹಂಗಾಮು ಕಳೆದಳು. ಬಾವಿಕಟ್ಟೆಯ ಮೇಲೆ ಕೂತು ಬಾಯಾರಿದ ಹಾಗೆ.

ಮರುವರ್ಷದ ಹಂಗಾಮು ಶುರುವಾಗುವಾಗ ಸಿಗ್ನೆ ಫೋನು ಮಾಡಿ, ಕ್ರಿಸ್‌ಮಸ್‌ಗೆ ಅತ್ತೆಯನ್ನು ಕರೆತರುವುದಾಗಿ ಹೇಳಿದಳು. ಗುನ್‌ವೋರ್ ಮುಖ ಬಿಳಿಚಿಕೊಂಡು ನನ್ನ ದೋಣಿಮನೆಗೆ ಬಂದಳು.

"ಕೇಳಿದ್ರೆ ಅರ್ಥ ಆಗುತ್ತೆ ಅಣ್ಣ. ಬಾಯಿ ತೆಗೆದ್ರೆ ಗಾಳಿ ಬರುತ್ತೆ ಅಷ್ಟೇ."

"ಬಾಯಿ ಮುಚ್ಕೊಂಡಿರು ಅಂದೋನು ಜಪಾನಿನೋರ ಹತ್ರ ಮಾತಾಡಿದ್ದನ್ನ ನೀನು ಕೇಳಿದೀಯಾ?"

"ಇಲ್ಲ. ಆದ್ರೆ ಅಷ್ಟೊಂದು ಜನ ನಂಬ್ತಾರೆ."

"ಮೀನುಗಾರನ ಮಗಳು ಆಡೋ ಮಾತಾ ಇದು? ರೇಡಿಯೋದಲ್ಲಿ 'ಇಲ್ಲಿ ಮೀನಿದೆ ಬನ್ನಿ' ಅಂತ ಕೂಗೋನ ಹಿಂದೆ ಅಪ್ಪ ಯಾವತ್ತಾದ್ರೂ ದೋಣಿ ತಿರುಗಿಸಿದ್ನಾ? ಬಲೆ ತುಂಬಿದೋನು ಕೂಗಲ್ಲ, ಬಂದರಿಗೆ ಬಂದು ಮೀನು ಇಳಿಸ್ತಾನೆ. ಇಳಿಸಿದ್ದು ನೋಡಿ ನಂಬು."

"ನೀನ್ಯಾವಾಗ ಜಪಾನಿ ಪಂಡಿತ ಆದೆ?"

"ಜಪಾನಿ ಪಂಡಿತ ಅಲ್ಲ ತಾಯಿ. ಸುಳ್ಳು ರೇಡಿಯೋ ಪಂಡಿತ."

ನಗು ತಡೆದುಕೊಂಡು ಹೋದಳು. ಅಂದೇ ಅಂತರ್ಜಾಲದಲ್ಲಿ ಸಲಹೆ ಕೊಡುವವರನ್ನೆಲ್ಲ ಒಂದೇ ಪ್ರಶ್ನೆ ಕೇಳಿದಳು: ಜಪಾನಿನವರೊಬ್ಬರ ಜೊತೆ ನೀವು ಮಾತಾಡಿದ್ದನ್ನು ಕೇಳಿಸುತ್ತೀರಾ? ಮಹಾಶಯ ಸಿಡುಕಿ ಬೈದನೇ ಹೊರತು ಏನೂ ಕೇಳಿಸಲಿಲ್ಲ. ಯಾರೂ ಕಿವಿಗೊಡದೆ ಮೂಲೆಯಲ್ಲಿದ್ದ ಡೆನ್ಮಾರ್ಕಿನ ಒಬ್ಬ ನಿವೃತ್ತ ಅಂಚೆಯವಳು ಮಾತ್ರ ಧ್ವನಿ ಕಳಿಸಿದಳು. ಜಪಾನಿ ಗೆಳತಿಯ ಜೊತೆ ಉಪ್ಪಿನಕಾಯಿಯ ಮಾತು. ತಡವರಿಸುತ್ತಾಳೆ, ಗೆಳತಿ ತಿದ್ದುತ್ತಾಳೆ, ಇಬ್ಬರೂ ನಗುತ್ತಾರೆ. "ಒಬ್ಬರನ್ನು ಹಿಡಿದು ದಿನಾ ಅಡುಗೆಮನೆಯ ಮಾತಾಡಿ," ಎಂಬುದೇ ಅವಳ ಸಲಹೆ.

ಮರುದಿನ ಕಾಫಿಯ ಬಿಡುವಿನಲ್ಲಿ ಗುನ್‌ವೋರ್ ಕುವಾಬಾರಾರನ್ನು, ಈ ಬಂಗುಡೆಯನ್ನು ನಿಮ್ಮ ಮನೆಯಲ್ಲಿ ಹೇಗೆ ಸುಡುತ್ತಾರೆ ಎಂದು ಜಪಾನಿಯಲ್ಲಿ ಕೇಳಿದಳು. ಅವರ ಕೈಯ ಲೋಟ ಗಾಳಿಯಲ್ಲೇ ನಿಂತಿತಂತೆ.

"ಕಳೆದ ಹಂಗಾಮು ಪೂರ್ತಿ ಮಾತಿಲ್ದೆ ನಾನು ಒಣಮೀನಾಗಿ ಹೋಗಿದ್ದೆ. ಈಗ ಬಾಯಿ ಬಂತಾ ನಿಮಗೆ?" ಅಂದರಂತೆ.

ಅಲ್ಲಿಂದ ದಿನಾ ಕಾಫಿ, ದಿನಾ ಮಾತು. ತಪ್ಪುಗಳು ಸಿಮೆಂಟಾಗಲಿಲ್ಲ, ತಿದ್ದಿದಲ್ಲೇ ಕರಗಿದವು. ಒಂದು ವರ್ಷ ಕೇಳಿದ್ದೂ ದಂಡವಾಗಲಿಲ್ಲ. ಸುಳ್ಳುಗಾರನ ರೇಡಿಯೋದಲ್ಲೂ ಹವಾಮಾನ ಸರಿಯಿರುವುದುಂಟು.

ಕ್ರಿಸ್‌ಮಸ್ ಊಟಕ್ಕೆ ಉಪ್ಪು ಹಾಕಿ ಒಣಗಿಸಿದ ಕುರಿಯ ಪಕ್ಕೆಲುಬನ್ನು ಹಬೆಯಲ್ಲಿ ಬೇಯಿಸಿದ್ದಳು. ಫುಮಿಯೆ ಏನೋ ಕೇಳಿದರು. ಸಿಗ್ನೆ ಅಭ್ಯಾಸಬಲದಿಂದ ಫೋರ್ಕ್ ಕೆಳಗಿಟ್ಟಳು.

"ನೀನು ತಿನ್ನು," ಅಂದಳು ಗುನ್‌ವೋರ್. ಆಮೇಲೆ ಬೀಗಿತಿಯ ಕಡೆ ತಿರುಗಿ, ಮಾಂಸ ನೆನೆಸುವುದರಿಂದ ಬೇಯಿಸುವವರೆಗೆ ತಾನೇ ವಿವರಿಸಿದಳು. ನಡುವೆ ಎಲ್ಲೋ ಎಡವಿದಳು. ಫುಮಿಯೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು ತಿದ್ದಿದರು. ತಂಗಿಯೂ ನಕ್ಕು, ತಿದ್ದಿಕೊಂಡು ಮುಂದುವರಿಸಿದಳು.

ಸಿಗ್ನೆಯ ತಟ್ಟೆಯಿಂದ ಹಬೆ ಏಳುತ್ತಿತ್ತು. ಅದನ್ನು ಖಾಲಿ ಮಾಡಿ ನನ್ನ ಕಡೆ ಚಾಚಿದಳು.

"ಮಾವ, ಇನ್ನೆರಡು ತುಂಡು ಹಾಕಿ. ಬಿಸಿ ಇರೋದು."